ಬಾಲಕಿ ಚೆನ್ನಾಗಿ ಹಾಡುತ್ತಾಳೆ

ಸಮಾಜಕಾರ್ಯ ಓದುವ ಮಕ್ಕಳಿಗೆ ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯ ಎಂದಿರುತ್ತದೆ. ಗುರುವಾರ, ಶುಕ್ರವಾರ ಅವರು ಕ್ಲಾಸಿಗೆ ಬರುವ ಹಾಗಿಲ್ಲ. ಯಾವುದಾದರೂ ಸಂಸ್ಥೆಗೋ ಹಳ್ಳಿಗೋ ಹೋಗಿ, ಜನರ ಕಷ್ಟಸುಖ ವಿಚಾರಿಸಿ, ಮಾಡಿದ್ದನ್ನು ಬರೆದು ತಂದು ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹುಣಸೂರಿನ ನಮ್ಮ ಕಾಲೇಜಿನಲ್ಲಿ ಆ ಸಹಿ ಹಾಕುವವಳು ನಾನು.

ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಪರೀಕ್ಷೆ ಮುಗಿಯುತ್ತಿದ್ದಂತೆ ನನ್ನನ್ನು ಮನೆಗೆ ಕಳಿಸುತ್ತಾರೆ. ಕಾಲೇಜು ಶುರುವಾಗಿ ಒಂದೂವರೆ ತಿಂಗಳಾದ ಮೇಲೆ ಮತ್ತೆ ಕರೆದು, ಎಂಟು ವರ್ಷದಿಂದ ನೋಡುತ್ತಿರುವ ಮುಖವನ್ನೇ ಹೊಸದಾಗಿ ಸಂದರ್ಶನ ಮಾಡುತ್ತಾರೆ. ಬಂದ ಅತಿಥಿಗೆ ಊಟ ಹಾಕಿ ಕಳಿಸುವುದು ನಮ್ಮ ಕಡೆಯ ವಾಡಿಕೆ. ಕಾಲೇಜಿಗೆ ಆ ವಾಡಿಕೆ ಇನ್ನೂ ಬಂದಿಲ್ಲ.

ಕರೆದ ದಿನವೇ ನನ್ನ ಮೊದಲ ಕೆಲಸ, ಮಕ್ಕಳನ್ನು ಎಲ್ಲಿಗೆ ಕಳಿಸುವುದು ಎಂದು ಹುಡುಕುವುದು. ಹೆಣ್ಣಿಗೆ ಗಂಡು ಹುಡುಕುವುದೇ ವಾಸಿ, ಅಲ್ಲಿ ಜಾತಕವಾದರೂ ಕೇಳುತ್ತಾರೆ. ಕೆ.ಆರ್. ನಗರದ ಒಂದು ಸಂಸ್ಥೆಯವರು ತಮ್ಮಲ್ಲಿ ಇರುವುದೇ ಮೂರು ಕುರ್ಚಿ, ನಿಮ್ಮ ಮಕ್ಕಳು ಎಂಟು ಜನ ಎಂದರು. ಪಿರಿಯಾಪಟ್ಟಣದ ಇನ್ನೊಬ್ಬರು, ಹೋದ ವರ್ಷದವರು ಅಂಟಿಸಿದ ಪೋಸ್ಟರುಗಳನ್ನು ಗೋಡೆಯಿಂದ ಕೆರೆಸಿ ಕೊಟ್ಟರೆ ಯೋಚನೆ ಮಾಡುತ್ತೇವೆ ಎಂದರು. ಚುಂಚನಕಟ್ಟೆ ಹತ್ತಿರದ ಊರಿನವರು ಒಪ್ಪಿದರು, ಆದರೆ ನಾಟಿ ಮುಗಿಯುವವರೆಗೆ ಯಾರೂ ಮಾತಿಗೆ ಸಿಗುವುದಿಲ್ಲ, ಬೇಕಿದ್ದರೆ ಗದ್ದೆಗೆ ಇಳಿಸಿ ಎಂದರು. ಹಾಗಾಗಿ ಪ್ರತಿ ವರ್ಷವೂ ನನ್ನ ಕೈಬಿಡದೆ ಉಳಿದಿದ್ದದ್ದು ಒಂದೇ ಊರು. ಗುರುಪುರ ದಾಟಿ ಮೂರು ಕಿಲೋಮೀಟರ್, ಹೊಗೆಸೊಪ್ಪು ಬೆಳೆಯುವ ಊರು. ಏಳು ವರ್ಷ, ಏಳು ತಂಡ, ಒಂದು ಮಾತೂ ಎತ್ತದೆ ಮಕ್ಕಳನ್ನು ಸೇರಿಸಿಕೊಂಡಿದ್ದರು.

ಎಂಟನೇ ವರ್ಷ ಆ ಊರಿನ ಹಾಲಿನ ಡೇರಿ ಕಾರ್ಯದರ್ಶಿ ಫೋನ್ ಮಾಡಿದರು. ತುಂಬ ಮೆತ್ತಗಿನ ಮನುಷ್ಯ. ಹಾಲಿಗೆ ನೀರು ಹಾಕಿದವರನ್ನೂ ಬಯ್ಯಲಾರದವರು. ಅವರೇ, ಈ ಸಲ ಮಕ್ಕಳು ಬೇಡ, ಹೆಂಗಸರು ಒಪ್ಪುತ್ತಿಲ್ಲ ಎಂದರು. ಕಾರಣ ಕೇಳಿದೆ. ಬಂದು ಅವರನ್ನೇ ಕೇಳಿ ಎಂದು ಫೋನ್ ಇಟ್ಟರು.

ನನಗೆ ಪಿತ್ತ ನೆತ್ತಿಗೇರಿತು. ಆ ಊರಿಗೆ ನಾವು ಏನು ಕಮ್ಮಿ ಮಾಡಿದ್ದೆವು? ಏಳು ಸಲ ಆರೋಗ್ಯ ಸಮೀಕ್ಷೆ ಮಾಡಿದ್ದೆವು. ಏಳು ಸಲ ಕೈ ತೊಳೆಯುವುದನ್ನು ಹೇಳಿಕೊಟ್ಟಿದ್ದೆವು. ದೇಶದಲ್ಲಿ ಅಷ್ಟು ಸಲ ಕೈ ತೊಳೆಯುವುದನ್ನು ಕಲಿತ ಊರು ಇನ್ನೊಂದಿರಲಾರದು. ಅದನ್ನೆಲ್ಲ ಜ್ಞಾಪಿಸಬೇಕು ಎಂದುಕೊಂಡೇ ಬಸ್ಸು ಹತ್ತಿದೆ. ಎಂಟು ಮಕ್ಕಳ ಪರೀಕ್ಷೆ ನನ್ನ ತಲೆ ಮೇಲಿತ್ತು.

ಹೋದಾಗ ಸೊಪ್ಪು ಕಟ್ಟುವ ಸಮಯ. ನಮ್ಮ ಕಾಲೇಜಿನ ವರ್ಷವೂ ಹೊಗೆಸೊಪ್ಪಿನ ಕೆಲಸವೂ ಒಟ್ಟಿಗೇ ಶುರುವಾಗುತ್ತವೆ, ಅದನ್ನು ಸರಿಪಡಿಸಲು ಯಾವ ಸಮಿತಿಗೂ ಆಗಿಲ್ಲ. ಸೊಪ್ಪು ಒಣಗಿಸುವ ಬ್ಯಾರನ್ ಪಕ್ಕದ ಚಪ್ಪರದ ಕೆಳಗೆ ಆರೇಳು ಹೆಂಗಸರು ಕೂತು, ಹಸಿ ಎಲೆಗಳನ್ನು ಜೋಡಿಸಿ ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದರು. ಯಾರೂ ಏಳಲಿಲ್ಲ. ಒಬ್ಬಾಕೆ ಕಾಲಿನಿಂದಲೇ ಮಣೆ ನನ್ನ ಕಡೆ ತಳ್ಳಿದರು. ಕೂತೆ. ಊರಿಗೂ ಕಾಲೇಜಿಗೂ ಇರುವ ಬಾಂಧವ್ಯ ಎಂದು ನಾನು ಶುರು ಮಾಡಿದ್ದು ನೆನಪಿದೆ. ಎಲ್ಲಿಗೆ ಮುಗಿಸಿದೆ ಎಂಬುದು ನೆನಪಿಲ್ಲ, ಯಾಕೆಂದರೆ ಮುಗಿಸಲಿಲ್ಲ.

ಮಣೆ ತಳ್ಳಿದ ಆಕೆ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಸೀರೆ ಅಂಗಡಿಯ ಕವರು. ಅದನ್ನು ನನ್ನ ತೊಡೆಯ ಮೇಲಿಟ್ಟರು.

"ಮೊದ್ಲು ಇವ್ನ ತಗಂಡೋಗಿ ಮೇಡಮ್ನೋರೆ," ಎಂದರು. "ಆಮೇಲೆ ಒಸಬ್ರ ಕರ್ಕಂಡ್ ಬನ್ನಿ."

ಕವರಿನಲ್ಲಿ ಏಳು ಕಾಗದ. ಎಲ್ಲವೂ ಕಾಲೇಜಿನ ಲೆಟರ್‌ಹೆಡ್. ಎಲ್ಲವೂ ವೈದ್ಯಾಧಿಕಾರಿಗಳಿಗೆ ಬರೆದದ್ದು. ಈ ಪತ್ರ ತರುವ ಬಾಲಕಿಗೆ ಕಿವಿ ಸೋರುವ ತೊಂದರೆ ಇರುತ್ತದೆ, ದಯಮಾಡಿ ಪರೀಕ್ಷಿಸಬೇಕಾಗಿ ವಿನಂತಿ. ಕೆಳಗೆ ವಿದ್ಯಾರ್ಥಿಯ ಸಹಿ ಏಳರಲ್ಲಿ ಏಳು ಬಗೆ. ಅದರ ಪಕ್ಕದ ಸಹಿ ಏಳರಲ್ಲೂ ಒಂದೇ. ನನ್ನದು.

ಪತ್ರದ ಆ ಬಾಲಕಿ, ಆಕೆಯ ಮಗಳು, ಅಲ್ಲೇ ಕೂತಿದ್ದಳು, ಕಡ್ಡಿಯ ಇನ್ನೊಂದು ತುದಿಯಲ್ಲಿ. ಅವಳನ್ನು ನೋಡದೆ ಇದ್ದವಳೇನಲ್ಲ ನಾನು. ವರ್ಷಕ್ಕೆ ಎರಡು ಸಲ, ಉದ್ಘಾಟನೆಗೊಮ್ಮೆ ಸಮಾರೋಪಕ್ಕೊಮ್ಮೆ ಆ ಊರಿಗೆ ಹೋಗುತ್ತಿದ್ದೆ. ಎರಡೂ ಸಲ ಅವಳು ಮುಂದಿನ ಸಾಲಿನಲ್ಲೇ ಇರುತ್ತಿದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದಾಗ ತಟ್ಟುತ್ತಿದ್ದಳು. ಮೊದಲ ವರ್ಷದ ಸಮಾರೋಪದಲ್ಲಿ ಎಂಟು ವರ್ಷದ ಆ ಮಗು ಅಜ್ಜಿಯಿಂದ ಕಲಿತ ಒಂದು ಸೋಬಾನೆ ಪದ ಹೇಳಿತ್ತು. ಮೈಕು ಬೇಡ ಎಂದಿತ್ತು, ಬೇಕಾಗಿಯೂ ಇರಲಿಲ್ಲ. ನನಗೆ ಕಣ್ಣು ತುಂಬಿ ನನ್ನ ಪೆನ್ನನ್ನೇ ಬಹುಮಾನ ಕೊಟ್ಟು ಬಂದಿದ್ದೆ.

ಅದನ್ನೇ ಹಿಡಿದುಕೊಂಡು, ಈಗಲೂ ಹಾಡುತ್ತೀಯೇನಮ್ಮ ಎಂದು ಕೇಳಿದೆ. ಅವಳು ನನ್ನ ಬಾಯನ್ನು ನೋಡಿದಳು. ಆಮೇಲೆ ಅವ್ವನ ಬಾಯನ್ನು ನೋಡಿದಳು. ಮತ್ತೆ ಎಲೆ ಜೋಡಿಸತೊಡಗಿದಳು.

"ಅವ್ಳಿಗೆ ಕೇಳಾಕಿಲ್ಲ," ಎಂದರು ತಾಯಿ. ಸೊಪ್ಪಿಗೆ ರೇಟು ಬಂದಿಲ್ಲ ಎನ್ನುವ ಹಾಗೆ ಹೇಳಿದರು.

ಯಾವಾಗಿನಿಂದ ಎಂದೆ. ಒಂದು ಕಿವಿ ನಾಲ್ಕನೇ ಕ್ಲಾಸಿನ ಹೊತ್ತಿಗೆ ಹೋಯಿತು, ಇನ್ನೊಂದು ಆಮೇಲಾಮೇಲೆ. ಏಳನೇ ಕ್ಲಾಸು ಮುಗಿದ ಮೇಲೆ, ಮೇಷ್ಟ್ರು ಹೇಳಿದ್ದು ತಿಳಿಯುವುದಿಲ್ಲ ಎಂದು ಅವಳೇ ಸ್ಕೂಲು ಬಿಟ್ಟಳು. ಮತ್ತೆ ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಗದರಿಕೆ ಇತ್ತು. ಓದಿದವರಿಗೆ ಇದೊಂದು ರೋಗ, ತಪ್ಪು ನಮ್ಮದಾದರೂ ಗದರುವುದು ಮಾತ್ರ ಬಿಡುವುದಿಲ್ಲ.

ಆಕೆ ಕೈಯಲ್ಲಿದ್ದ ದಾರ ಕೆಳಗಿಟ್ಟರು.

"ವರ್ಷವರ್ಷವೂ ಬಂದು, ನಾವೇ ಕರ್ಕಂಡೋಯ್ತೀವಿ, ಕಾಯ್ತಿರವ್ವ ಅಂದ್ರು ನಿಮ್ ಮಕ್ಳು. ಓದ್ದೋರು ಅಂದವ್ರಲ್ಲ ಅಂತ ಕಾದೆ. ನೀವ್ಯಾರೂ ಬರ್ದೇ ಇದ್ದಿದ್ರೆ ನಾನೇ ಯಾವತ್ತೋ ಬಸ್ ಅತ್ತುಸ್ಕಂಡ್ ಓಗಿರ್ತಿದ್ದೆ ಕಣ್ರವ್ವ."

ನಾನು ಕವರು ಹಿಡಿದುಕೊಂಡು ಎದ್ದೆ. ಹೆಂಗಸರು ಅಷ್ಟರಲ್ಲೇ ತಮ್ಮ ಮಾತಿಗೆ ಮರಳಿದ್ದರು.

ಮಾರನೆಯ ದಿನ ಕಾಲೇಜಿನ ಬೀರು ತೆಗೆಸಿ ಏಳು ವರ್ಷದ ವರದಿಗಳನ್ನು ಹರಡಿಕೊಂಡು ಕೂತೆ. ನಮ್ಮ ವರದಿಗಳಿಗೆ ಒಂದು ಪದ್ಧತಿ ಇದೆ. ಮೊದಲ ತಿಂಗಳು ಬಾಂಧವ್ಯ ಬೆಳೆಸಬೇಕು. ಆಮೇಲೆ ಸಮಸ್ಯೆ ಗುರುತಿಸಬೇಕು, ಸೂಕ್ತ ಸಂಸ್ಥೆಗೆ ಪತ್ರ ಕೊಡಬೇಕು. ಕೊನೆಯ ತಿಂಗಳು ಮುಕ್ತಾಯ. ಮುಕ್ತಾಯ ಎಂದರೆ ಜನರಿಗೆ ನೋವಾಗದಂತೆ ಕಳಚಿಕೊಂಡು ಬರುವುದು. ಅದಕ್ಕೇ ಹತ್ತು ಅಂಕ ಇದೆ. ಮುಂದಿನ ವರ್ಷ ಬರುವ ತಂಡ ಮತ್ತೆ ಬಾಂಧವ್ಯದಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಆ ಅಂಕವೂ ಹೋಗುತ್ತದೆ. ಹೀಗೆ ಆ ತಾಯಿಯ ಜೊತೆ ಏಳು ಸಲ ಬಾಂಧವ್ಯ ಬೆಳೆದಿತ್ತು, ಏಳು ಸಲ ಮುಕ್ತಾಯವಾಗಿತ್ತು. ಬಸ್ಸು ಹತ್ತಿಸುವುದಕ್ಕೆ ಎಲ್ಲಿಯೂ ಅಂಕ ಇರಲಿಲ್ಲ.

ಮೊದಲ ವರದಿ ಬರೆದವನು ಶ್ರದ್ಧೆಯ ಹುಡುಗ. ಬಾಲಕಿಗೆ ಎಂಟು ವರ್ಷ, ಎಡಗಿವಿ ಸೋರುತ್ತದೆ, ಚುರುಕು ಸ್ವಭಾವ, ಬಾಲಕಿ ಚೆನ್ನಾಗಿ ಹಾಡುತ್ತಾಳೆ ಎಂದು ಬರೆದಿದ್ದ. ಎರಡನೆಯ ವರ್ಷದವಳು ಹೋಗಿ ನೋಡಿ ಒಂಬತ್ತು ಮಾಡಿದ್ದಳು. ಮೂರನೆಯದು ಕೊರೊನಾ ಬಂದ ವರ್ಷ. ಯಾರೂ ಮನೆ ಬಿಟ್ಟು ಹೊರಟಿರಲಿಲ್ಲ, ಪತ್ರ ಅಂಚೆಯಲ್ಲಿ ಹೋಗಿತ್ತು, ಆದರೂ ಮನೆಭೇಟಿ ನೀಡಿ ಆಪ್ತವಾಗಿ ಮಾತನಾಡಲಾಯಿತು ಎಂದಿತ್ತು. ಹುಡುಗಿಗೆ ಒಂಬತ್ತು. ನಾಲ್ಕನೆಯ ವರ್ಷವೂ ಒಂಬತ್ತು. ಐದರವನಿಗೆ ಏನೋ ಅನುಮಾನ ಬಂದು ಹತ್ತು ಎಂದಿದ್ದ. ಆರರಲ್ಲಿ ಒಮ್ಮೆಲೇ ಹನ್ನೆರಡು. ಏಳನೆಯವಳಿಗೆ ಹಳೆಯ ಫೈಲು ಸಿಕ್ಕಿರಬೇಕು, ಹುಡುಗಿ ಮತ್ತೆ ಒಂಬತ್ತಕ್ಕೆ ಬಂದಿದ್ದಳು. ಎಡಗಿವಿ ಬರಬರುತ್ತಾ ಬಲಗಿವಿಯಾಗಿ ಮತ್ತೆ ಎಡಗಿವಿಯಾಗಿತ್ತು.

ಆದರೆ ಏಳೂ ವರದಿಯಲ್ಲಿ ಒಂದು ವಾಕ್ಯ ಅಕ್ಷರ ಅಲುಗದೆ ಉಳಿದಿತ್ತು. ಬಾಲಕಿ ಚೆನ್ನಾಗಿ ಹಾಡುತ್ತಾಳೆ. ಅವಳಿಗೆ ಒಂದು ಕಿವಿ ಹೋದ ವರ್ಷವೂ ಹಾಡುತ್ತಿದ್ದಳು, ಎರಡೂ ಹೋದ ವರ್ಷವೂ ಹಾಡುತ್ತಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ನಾನು ಕಟ್ಟಿದ್ದಷ್ಟೇ ಅಲ್ಲ, ಪ್ರತಿ ವರ್ಷ ಕೆಂಪು ಶಾಯಿಯಲ್ಲಿ ಪಕ್ಕಕ್ಕೆ 'ಉತ್ತಮ ಅವಲೋಕನ' ಎಂದೂ ಬರೆದಿದ್ದೆ.

ಏಳನೆಯ ವರದಿಯವಳು ಈಗ ಪಿರಿಯಾಪಟ್ಟಣದಲ್ಲಿ ಸಾಲ ಕೊಡುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಫೋನ್ ಮಾಡಿ ಬಯ್ದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಆ ಮನೆಗೆ ಹೋಗಿದ್ದೆ ಮೇಡಂ, ಹುಡುಗಿ ಮಾತಾಡಲಿಲ್ಲ, ನಾಚಿಕೆ ಅಂದುಕೊಂಡೆ, ಸೀನಿಯರ್ ಫೈಲಿನಲ್ಲಿ ಹಾಡುತ್ತಾಳೆ ಎಂದಿತ್ತಲ್ಲ ಎಂದಳು. ಹಾಗಾದರೆ ಕಣ್ಣಲ್ಲಿ ಕಂಡದ್ದಕ್ಕಿಂತ ಫೈಲು ಹೆಚ್ಚಾ ಎಂದೆ. ನೀವು ಸಹಿ ಮಾಡಿದ್ದಿರಲ್ಲ ಮೇಡಂ, ಸರಿ ಇರುತ್ತದೆ ಅಂದುಕೊಂಡೆ ಎಂದಳು ಅವಳು. ನಾನು ಫೋನ್ ಇಟ್ಟೆ. ಬಯ್ಯುವುದಕ್ಕೆ ಮುಂದೆ ಉಳಿದಿದ್ದವಳು ನಾನೊಬ್ಬಳೇ, ನನ್ನ ಕೈಗೆ ನಾನು ದಿನಾ ಸಿಗುತ್ತೇನೆ.

ಡೇರಿ ಕಾರ್ಯದರ್ಶಿಯ ಕೈಲಿ ಮೊದಲೇ ಹೇಳಿಕಳಿಸಿ, ಮುಂದಿನ ಸೋಮವಾರ ರಜೆ ಹಾಕಿ ತಾಯಿ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಅತಿಥಿಗಳಿಗೆ ರಜೆ ಇರುವುದಿಲ್ಲ. ಬರಲಿಲ್ಲ ಎಂದು ಗುರುತು ಹಾಕುತ್ತಾರೆ ಅಷ್ಟೆ. ತಾಯಿ ಬರುತ್ತಾರೋ ಇಲ್ಲವೋ ಎಂದು ಹೆದರಿ ಬೆಳಿಗ್ಗೆ ಆರಕ್ಕೇ ಅವರ ಊರಿನ ಸ್ಟಾಪಿನಲ್ಲಿ ಇಳಿದೆ. ಅವರು ನನಗಿಂತ ಮುಂಚೆ ಬಂದು ನಿಂತಿದ್ದರು, ಬುತ್ತಿ ಕಟ್ಟಿಕೊಂಡು. ನಾನು ಬರುವುದು ಅನುಮಾನ ಎಂದುಕೊಂಡಿದ್ದರಂತೆ. ನಾನು ಬರದೆ ಹೋಗಿದ್ದರೂ ಅವರು ಆ ಬಸ್ಸು ಹತ್ತುವವರೇ ಇದ್ದರು. ಹುಡುಗಿ ಕಿಟಕಿ ಪಕ್ಕ ಕೂತಳು. ಡ್ರೈವರ್ ದಾರಿಯುದ್ದಕ್ಕೂ ಹಾರನ್ ಒತ್ತುತ್ತಿದ್ದ, ಅವಳೊಬ್ಬಳು ಹಾಯಾಗಿ ನಿದ್ದೆ ಮಾಡಿದಳು.

ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ವಿದ್ಯಾರ್ಥಿನಿಯರ ಓರಗೆಯವರು. ಹುಡುಗಿಯನ್ನು ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗ ಕೈ ಎತ್ತಲು ಸನ್ನೆಯಲ್ಲಿ ಹೇಳಿದರು. ಗಾಜಿನ ಈಚೆ ನಾವು ನಿಂತಿದ್ದೆವು. ಹುಡುಗಿ ತುಂಬ ಹೊತ್ತು ಕೈ ಎತ್ತಲಿಲ್ಲ. ತಾಯಿ ತಮಗೇ ತಿಳಿಯದ ಹಾಗೆ ತಮ್ಮ ಕೈ ಸ್ವಲ್ಪ ಎತ್ತಿದ್ದರು.

ಆಮೇಲೆ ಡಾಕ್ಟರು ಹಳೆಯ ಕಾಗದ ಏನಾದರೂ ಇದೆಯೇ ಎಂದರು. ತಾಯಿ ಸೀರೆ ಅಂಗಡಿಯ ಕವರು ತೆಗೆದು ಮೇಜಿನ ಮೇಲಿಟ್ಟರು. ಅದನ್ನು ನನ್ನ ಚೀಲದಿಂದ ಬಸ್ಸಿನಲ್ಲೇ ಕೇಳಿ ವಾಪಸ್ ತೆಗೆದುಕೊಂಡಿದ್ದರು. ಡಾಕ್ಟರು ಒಂದೊಂದೇ ಓದಿದರು. ಏಳನ್ನೂ ಓದಿದ ಮೇಲೆ ಸಹಿಯ ಮೇಲೆ ಬೆರಳಿಟ್ಟು, ಯಾರಿದು ಎಂದು ತಾಯಿಯನ್ನು ಕೇಳಿದರು.

ತಾಯಿ ನನ್ನ ಕಡೆ ನೋಡಲಿಲ್ಲ. "ಯಾರೋ ಕಾಲೇಜ್ನೋರು ಕಣವ್ವ," ಎಂದರು. "ಬತ್ತಾರೆ, ಓಯ್ತಾರೆ."

ನನ್ನನ್ನು ಉಳಿಸಲು ಹಾಗಂದರೋ, ಇದ್ದದ್ದನ್ನೇ ಅಂದರೋ, ಇವತ್ತಿಗೂ ನಾನು ಕೇಳಿಲ್ಲ. ಎರಡಕ್ಕೂ ನಾಚಿಕೆಯಾಯಿತು.

"ನಂದೇ ಡಾಕ್ಟ್ರೆ ಅದು," ಎಂದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಮೊದಲ ಪತ್ರ ಬರೆದ ವರ್ಷವೇ ಬಂದಿದ್ದರೆ ಕಿವಿ ಒಣಗಿಸಿ ಎರಡನ್ನೂ ಉಳಿಸಬಹುದಿತ್ತು ಎಂದರು. ಈಗ ಎಡಗಿವಿಯಿಂದ ಏನೂ ಆಗದು. ಬಲಗಡೆ ಆಪರೇಷನ್ ಮಾಡಿ ಸೋರುವುದನ್ನು ನಿಲ್ಲಿಸಿ, ಆಮೇಲೆ ಮೆಷಿನ್ ಹಾಕಿದರೆ ಹತ್ತಿರದ ಮಾತು ಅಷ್ಟಿಷ್ಟು ಕೇಳೀತು. ಆರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು, ಬಿಟ್ಟರೆ ಅದೂ ಹೋಗುತ್ತದೆ. ಇಷ್ಟನ್ನು ಹೇಳಿ, ಇವಳ ಜವಾಬ್ದಾರಿ ಯಾರದು ಎಂದು ಚೀಟಿ ಬರೆಯುತ್ತಲೇ ಕೇಳಿದರು. ತಾಯಿ ತಮ್ಮದು ಎಂದರು. ನಾನೂ ನಮ್ಮದು ಎನ್ನಲು ಹೋಗಿ ಸುಮ್ಮನಾದೆ. ಏಪ್ರಿಲ್ ಬಂದರೆ ನನ್ನನ್ನೇ ಮನೆಗೆ ಕಳಿಸುತ್ತಾರೆ. ಮಕ್ಕಳನ್ನು ವರ್ಷ ಕಳೆಯುವುದರೊಳಗೆ ನಾನೇ ಮುಕ್ತಾಯ ಮಾಡಿಸಿ ಕರೆದುಕೊಂಡು ಬರುತ್ತೇನೆ. ಆರು ತಿಂಗಳ ಲೆಕ್ಕಕ್ಕೆ ಸಿಗುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮೂವರೂ ತಿಂದೆವು. ನಾನು ಅತ್ತೆ. ತಾಯಿ ಚಟ್ನಿ ಖಾರವಾಯಿತೇನೋ ಎಂದು ನೀರಿನ ಬಾಟಲಿ ಕೊಟ್ಟರು.

ವಾಪಸ್ ಬಂದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಒಂದು ದಪ್ಪ ನೋಟ್‌ಬುಕ್ಕಿಗೆ ದಾರ ಪೋಣಿಸಿ, ಆ ಮನೆಯ ಪಡಸಾಲೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ನೇತು ಹಾಕಿದೆ. ಮಕ್ಕಳು ಬರೆಯುವುದೆಲ್ಲ ಮೊದಲು ಅದರಲ್ಲಿ, ಆ ಮನೆಯವರ ಎದುರಿಗೆ. ಕಾಲೇಜಿಗೆ ಬರುವುದು ಅದರ ನಕಲು. ಪುಸ್ತಕ ಊರು ಬಿಟ್ಟು ಹೋಗುವ ಹಾಗಿಲ್ಲ. ಮತ್ತೆ, ಹೋಗುವ ತಂಡ ಬರುವ ತಂಡವನ್ನು, ಅಂದರೆ ಕೆಳಗಿನ ಕ್ಲಾಸಿನವರನ್ನು, ಒಂದು ತಿಂಗಳು ಜೊತೆಯಲ್ಲಿ ಸುತ್ತಿಸಿ, ಅರ್ಧವಾದ ಕೆಲಸವನ್ನು ಮನೆಮನೆಯಲ್ಲಿ ತೋರಿಸಿ ಹೋಗಬೇಕು. ಮುಕ್ತಾಯದ ಹತ್ತು ಅಂಕ ಇದಕ್ಕೆ. ಎಲ್ಲರೂ ಒಪ್ಪಿದರೆಂದಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ ಎಂದರು. ಇಲ್ಲ ಎಂದೆ. ಹಾಗಿದ್ದರೆ ಮಾಡಿ, ನನಗೆ ಹೇಳಬೇಡಿ ಎಂದರು.

ಊರಿನ ಹೆಂಗಸರು ಎಂಟು ಮಕ್ಕಳನ್ನು ಸೇರಿಸಿಕೊಂಡರು, ಒಂದು ಷರತ್ತಿನ ಮೇಲೆ. ಮಾತಾಡಿಸಲು ಬಂದವರು ಸೊಪ್ಪು ಕಟ್ಟುತ್ತಾ ಮಾತಾಡಿಸಬೇಕು. ನನ್ನ ಮಕ್ಕಳ ಕೈಯೆಲ್ಲ ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾಯಿತು. ಮೊದಲ ಸಲ ಅವರಿಗೆ ಕೈ ತೊಳೆಯುವುದನ್ನು ಊರಿನವರು ಹೇಳಿಕೊಟ್ಟರು.

ಆಪರೇಷನ್ನಿಗೆ ಹಿಂದಿನ ದಿನ ಒಬ್ಬ ವಿದ್ಯಾರ್ಥಿ, ಮೆಷಿನ್ ಹಾಕಿಸಿದ ದಿನ ಇನ್ನೊಬ್ಬಳು ಜೊತೆಗೆ ಹೋದರು. ಪುಸ್ತಕದಲ್ಲಿ ಆ ವಿದ್ಯಾರ್ಥಿ ಬಾಲಕಿಗೆ ಹದಿನಾಲ್ಕು ಎಂದು ಬರೆದಿದ್ದನಂತೆ. ಬಾಲಕಿಯೇ ಅದನ್ನು ಹೊಡೆದು ಹದಿನೈದು ಮಾಡಿ, ಪಕ್ಕದಲ್ಲಿ ತನ್ನ ಸಹಿ ಹಾಕಿದ್ದಾಳೆ. ಅಲ್ಲಿ ಇವತ್ತಿಗೂ ನನ್ನ ಸಹಿಗಿಂತ ಅದೇ ದೊಡ್ಡದು.

ಈ ಮಾರ್ಚ್‌ನಲ್ಲಿ ಹೋಗುವ ತಂಡ ಬರುವ ತಂಡಕ್ಕೆ ಊರು ತೋರಿಸುವ ದಿನ ನಾನೂ ಹೋಗಿದ್ದೆ. ಬ್ಯಾನರ್ ಇರಲಿಲ್ಲ, ಮೈಕೂ ಇರಲಿಲ್ಲ. ಹುಡುಗಿ ಜಗಲಿಯ ಮೇಲೆ ಕೂತಿದ್ದಳು, ಬಲಗಿವಿಯ ಹಿಂದೆ ಮೆಷಿನ್. ನಾನು ಹತ್ತಿರ ಹೋಗಿ ಹೆಸರು ಹಿಡಿದು ಕರೆದೆ. ತಿರುಗಿದಳು. ಬಾಯಿ ನೋಡಲಿಲ್ಲ, ಮುಖ ನೋಡಿದಳು. ಆ ಖುಷಿಯಲ್ಲಿ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. ಹೊಸ ಮಕ್ಕಳ ಎದುರಿಗೆ, ಆ ಸೋಬಾನೆ ಪದ ಒಂದು ಸಲ ಹೇಳಮ್ಮ ಎಂದುಬಿಟ್ಟೆ.

ಅವಳಿಗೆ ಕೇಳಿಸಿತು. ಅರ್ಥವೂ ಆಯಿತು. ಸ್ವಲ್ಪ ಹೊತ್ತು ನೆಲ ನೋಡುತ್ತಾ ಯೋಚಿಸಿ, ಇಲ್ಲ ಎಂದು ತಲೆಯಾಡಿಸಿದಳು. ಒಳಗಿನಿಂದ ನೀರಿನ ಚೊಂಬು ತರುತ್ತಿದ್ದ ತಾಯಿ ಅದನ್ನು ನನ್ನ ಕೈಗೆ ಕೊಟ್ಟರು.

"ಅವ್ಳು ಅದ ಮರ್ತವ್ಳೆ ಮೇಡಮ್ನೋರೆ," ಎಂದರು. "ಅವ್ರಜ್ಜಿನೂ ಇಲ್ಲ ಈಗ ಏಳ್ಕೊಡಾಕೆ. ನಿಮ್ ಕಾಲೇಜ್ನಾಗೆ ಬರ್ದು ಮಡ್ಗಿದ್ದೀರಂತಲ್ಲ, ಚೆನ್ನಾಗ್ ಆಡ್ತಾಳೆ ಅಂತ. ಅಲ್ಲೇ ಇರ್ಲಿ ಬುಡಿ."

ನೀರು ಕುಡಿದು ಚೊಂಬು ಕೊಟ್ಟೆ. ಹೊಸ ತಂಡದ ಹುಡುಗಿಯೊಬ್ಬಳು ಮೊಳೆಯಿಂದ ಪುಸ್ತಕ ತೆಗೆದು, ಏನು ಬರೆಯಲಿ ಮೇಡಂ ಎಂದು ಕೇಳಿದಳು. ಮುಂದಿನ ತಪಾಸಣೆಯ ತಾರೀಕು ಬರಿ ಎಂದೆ.